ತಂಗಿಯ ಕಿವಿಗೆ ತಡವಾಗಿ ಬಂದ ಧ್ವನಿ

ಇಸ್ತ್ರಿ ಅಂಗಡಿಯ ಹಿಂದೆ, ಒಂದು ಕಾಲಕ್ಕೆ ಹಳೆಯ ಸಾಮಾನು ತುಂಬಿಡುತ್ತಿದ್ದ ಕೋಣೆಯಲ್ಲಿ ಅವಳ ರೆಕಾರ್ಡಿಂಗ್ ಸ್ಟುಡಿಯೊ. ಗೋಡೆಗಳಿಗೆ ದಪ್ಪ ರಜಾಯಿಗಳನ್ನು ಮೊಳೆ ಹೊಡೆದು ನೇತುಹಾಕಿದ್ದಳು. ನಡುವೆ ಒಂದು ಗಾಜು. ಆಚೆ ಹಾಡುವವರು, ಈಚೆ ಕಂಪ್ಯೂಟರ್ ಮುಂದೆ ಅವಳು. ಹಾಡು ಶುರುವಾಗುವ ಮೊದಲು ಫ್ಯಾನ್ ಆರಿಸಿ, ಇಸ್ತ್ರಿಯವನ ರೇಡಿಯೊ ನಿಲ್ಲಿಸಲು ಗೋಡೆಗೆ ಎರಡು ಸಲ ಗುದ್ದಬೇಕು. ಅವಳ ವಯಸ್ಸು ನಲವತ್ತಾರು. ನಾಟಕದವರಿಗೆ, ಜಾಹೀರಾತಿನವರಿಗೆ, ಎಲ್ಲರಿಗೂ ಅವಳು ಸ್ಟುಡಿಯೊ ಅಕ್ಕ.

ನಿಜಕ್ಕೂ ಗಾಜಿನ ಆಚೆ ನಿಲ್ಲಬೇಕಾದವಳು ಅವಳೇ. ಅಮ್ಮ ಶಾಲೆಯಲ್ಲಿ ಸಂಗೀತದ ಟೀಚರು. ಇಬ್ಬರು ಹೆಣ್ಣುಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಹೇಳಿಕೊಡುವಾಗ ದೊಡ್ಡವಳನ್ನು 'ಗಡಿಯಾರ' ಎಂದೇ ಕರೆಯುತ್ತಿದ್ದರು. ಅವಳ ತಾಳ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಹದಿನೇಳಕ್ಕೆ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಶನ್ ಆದ ಮೇಲೆ ಮಾತು ಉಳಿಯಿತು, ಮೇಲಿನ ಸ್ವರಗಳು ಹೋದವು. ಅವಳು ಎದ್ದ ಜಾಗದಲ್ಲಿ ಐದು ವರ್ಷ ಚಿಕ್ಕವಳಾದ ತಂಗಿ ಕೂತಳು, ಕೂತವಳು ಹೆಸರು ಮಾಡಿದಳು. "ನಿಮ್ಮ ತಂಗಿ ಕಂಠ ಎಂಥಾದ್ದು!" ಎಂದು ಯಾರಾದರೂ ಅಂದರೆ ಅಕ್ಕ "ಹೌದಲ್ವಾ" ಎನ್ನುತ್ತ, ಸರಿಯಾಗಿಯೇ ಇದ್ದ ವೈರುಗಳನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ತಂಗಿ ಒಳ್ಳೆಯವಳು. ಅದೇ ಅವಳಿಗೆ ಸಂಕಟ. ಕೆಟ್ಟವಳಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಒಂದು ನಾಟಕಕ್ಕೆ ಆರು ಹಾಡು ಹಾಡಲು ತಂಗಿ ಬಂದಳು. ಮೂರು ಹಾಡು ಸಲೀಸಾಗಿ ಮುಗಿದವು. ನಾಲ್ಕನೆಯದರಲ್ಲಿ ಎರಡು ಸಾಲು ಹಾಡಿ ನಿಂತಳು.

"ಅಕ್ಕಾ, ನನ್ನ ಧ್ವನಿ ನನಗೇ ಲೇಟಾಗಿ ಕೇಳಿಸ್ತಿದೆ. ಯಾರೋ ಹಿಂದೆ ನಿಂತು ಅಣಕಿಸಿದ ಹಾಗೆ."

ಅಕ್ಕನಿಗೆ ಪರದೆ ನೋಡಿದ ಕೂಡಲೇ ಗೊತ್ತಾಯಿತು. ಹಿಂದಿನ ದಿನ ನಿರ್ದೇಶಕರಿಗೆ ಮಾದರಿ ಕಳಿಸಲೆಂದು ಇದೇ ಹಾಡಿನ ವಾದ್ಯಗಳನ್ನು ಹದಗೊಳಿಸಿದ್ದಳು. ಆಗ ಎಲ್ಲ ಧ್ವನಿಯೂ ಬಂದು ಸೇರುವ ಮುಖ್ಯ ಟ್ರ್ಯಾಕಿನ ಮೇಲೆ ಧ್ವನಿಗೆ ಮೆರುಗು ಕೊಡುವ ತಂತ್ರಾಂಶಗಳಾದ ಮೂರು ಭಾರಿ ಪ್ಲಗಿನ್‌ಗಳನ್ನು ಹಾಕಿ ಹಾಗೇ ಬಿಟ್ಟಿದ್ದಳು. ಅಂಥ ಪ್ಲಗಿನ್‌ಗಳು ಮುಂದೇನು ಬರುತ್ತದೆ ಎಂದು ಇಣುಕಿ ನೋಡಿ, ಲೆಕ್ಕ ಹಾಕಿ, ಆಮೇಲಷ್ಟೇ ಧ್ವನಿಯನ್ನು ಹೊರಗೆ ಬಿಡುತ್ತವೆ. ರೆಕಾರ್ಡ್ ಆದ ಹಾಡಿಗೆ ಇದರಿಂದ ತೊಂದರೆಯಿಲ್ಲ. ಹಾಡುತ್ತಿರುವವರ ಕಿವಿಗೆ ಮಾತ್ರ ತಮ್ಮ ಧ್ವನಿಯೇ ಹಿಂದೆ ಬೀಳುತ್ತದೆ. ಪರದೆಯ ಮೂಲೆಯಲ್ಲಿ ತೊಂಬತ್ತು ಮಿಲಿಸೆಕೆಂಡು ತಡ ಎಂದು ತೋರಿಸುತ್ತಿತ್ತು. ಮೂರು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು.

"ಏನೂ ಲೇಟಿಲ್ವೇ. ನಿನ್ನ ತಾಳ ಜಾರ್ತಿದೆ ಅಷ್ಟೆ" ಎಂದಳು.

ಬಾಯಿಂದ ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೆ ಗಾಜಿನಾಚೆ ತಂಗಿಯ ಮುಖ ಬಾಡಿದ್ದು ಕಂಡಾಗ ಎದೆಯಲ್ಲಿ ಏನೋ ತಣ್ಣಗಾಯಿತು. ಮೂವತ್ತು ವರ್ಷಗಳಲ್ಲಿ ಮೊದಲ ಸಲ.

ಮಾರನೆಯ ದಿನವೂ ಅದೇ ಕಥೆ. ಅದರ ಮಾರನೆಯ ದಿನವೂ. ತಂಗಿ ಒಮ್ಮೆ ಓಡಿದಳು, ಒಮ್ಮೆ ಎಳೆದಳು, ಪಲ್ಲವಿಯ ನಡುವೆ ತಡವರಿಸಿದಳು. ಅಕ್ಕ ಪ್ರತಿ ಸಲ ಮೈಕಿನಲ್ಲಿ ಮೆತ್ತಗೆ, "ಇನ್ನೊಂದ್ಸಲ ನೋಡೋಣ, ಪುಟ್ಟಿ" ಅನ್ನುವಳು. ಅಷ್ಟು ಪ್ರೀತಿಯಿಂದ ಅವಳು ತಂಗಿಯನ್ನು ಎಂದೂ ಮಾತಾಡಿಸಿರಲಿಲ್ಲ.

ನಾಲ್ಕನೆಯ ದಿನ ತಂಗಿ ಬಂದಾಗ ಕಣ್ಣು ಊದಿಕೊಂಡಿದ್ದವು. "ವಯಸ್ಸಾಯ್ತು ಅನ್ಸತ್ತೆ ಅಕ್ಕಾ. ಉಳಿದ ಹಾಡು ಬೇರೆಯವರಿಗೆ ಕೊಡಿ ಅಂತ ನಿರ್ದೇಶಕರಿಗೆ ಹೇಳಿಬಿಡ್ತೀನಿ. ಅದಕ್ಕೆ ಮುಂಚೆ ಒಂದೇ ಒಂದು ಉಪಕಾರ ಮಾಡು. ನೀನು ಕೆಳಗಿನ ಸ್ಥಾಯಿಯಲ್ಲಿ ಹಾಡಿಡು. ನಿನ್ನ ತಾಳ ಎಂದೂ ಜಾರಿದ್ದಿಲ್ಲ. ಅದನ್ನ ಕೇಳ್ಕೊಂಡು ಹಿಂದೆ ಹಿಂದೆ ಹೋಗ್ತೀನಿ."

ಅಕ್ಕ ಹಿಗ್ಗಿಬಿಟ್ಟಳು. ಆ ಹಿಗ್ಗಿನಲ್ಲಿ ಪ್ಲಗಿನ್‌ಗಳ ನೆನಪೇ ಹಾರಿಹೋಯಿತು. ತಂಗಿಗೆ ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಗಾಜಿನಾಚೆ ಹೋಗಿ ನಿಂತಳು, ಹೆಡ್‌ಫೋನ್ ಏರಿಸಿಕೊಂಡಳು, ಹಾಡಿದಳು. ಮೂರನೆಯ ಪದಕ್ಕೇ ಅವಳದೇ ಧ್ವನಿ ಹಿಂದಿನಿಂದ ಬಂದು ಕಾಲಿಗೆ ತೊಡರಿತು. ಎರಡನೆಯ ಸಾಲಿಗೆ ತಾಳ ಎಲ್ಲಿದೆ ಎಂಬುದೇ ತಿಳಿಯದಾಯಿತು.

"ಅಕ್ಕಾ!" ತಂಗಿಯ ಮುಖ ಅರಳಿತ್ತು. "ನಿನಗೂ ಜಾರ್ತಿದೆ! ಹಾಗಾದ್ರೆ ಮಿಶಿನ್ನಿಂದೇ ತಪ್ಪು. ಪಾಪ, ನಿನಗೆ ಗೊತ್ತೇ ಆಗಿಲ್ಲ."

ಆ 'ಪಾಪ'ವನ್ನು ಅಕ್ಕನಿಂದ ಸಹಿಸಲಾಗಲಿಲ್ಲ. ಹೌದೆಂದು ತಲೆಯಾಡಿಸಿದ್ದರೆ ಬಚಾವಾಗುತ್ತಿದ್ದಳು. ಆದರೆ ತನ್ನ ಕೆಲಸ ತನಗೆ ಗೊತ್ತಿಲ್ಲ ಅನ್ನಿಸಿಕೊಳ್ಳುವುದು ಮೋಸಗಾತಿ ಅನ್ನಿಸಿಕೊಳ್ಳುವುದಕ್ಕಿಂತ ಕಷ್ಟವಾಯಿತು.

"ಗೊತ್ತಿತ್ತು. ಮೊದಲನೇ ದಿನವೇ."

"ಮತ್ತೆ ಯಾಕೆ...?"

"ಹೊಟ್ಟೆಕಿಚ್ಚು ಕಣೇ. ಇನ್ನೇನು."

ತಂಗಿ ಕುರ್ಚಿ ಬಿಟ್ಟು ಎದ್ದಳು. ಆಮೇಲೆ, "ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ಗೋಡೆಗೆ ತಾಳ ಹಾಕ್ತಾ ಕೂತಿದ್ದೆ. ನನ್ನ ಮಗಳು ಅವರಪ್ಪನ ಹತ್ರ ಹೋಗಿ, ಅಮ್ಮಂಗೆ ತಲೆ ಕೆಟ್ಟಿದೆ ಅಂದ್ಳು" ಎಂದಳು. "ಈಗ ಸರಿ ಮಾಡು. ಹಾಡಿ ಮುಗಿಸ್ತೀನಿ. ನಿನ್ನ ಹತ್ರ ಮಾತಾಡೋದು ಬಿಡೋದು ಆಮೇಲೆ."

ಅಕ್ಕ ಮೂರೂ ಪ್ಲಗಿನ್‌ಗಳನ್ನು ಆಫ್ ಮಾಡಿದಳು. ವಾದ್ಯಗಳ ಟ್ರ್ಯಾಕುಗಳನ್ನು ಮತ್ತೆ ಮತ್ತೆ ಲೆಕ್ಕ ಹಾಕಬೇಕಿಲ್ಲದಂತೆ ಅವುಗಳ ಮೆರುಗಿನ ಸಮೇತ ಗಟ್ಟಿ ಮಾಡಿಟ್ಟು ಕಂಪ್ಯೂಟರಿನ ಹೊರೆ ಇಳಿಸಿದಳು. ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕಿನ ಅಳತೆಯಾದ ಬಫರನ್ನು ಸಾವಿರದ ಇಪ್ಪತ್ತನಾಲ್ಕರಿಂದ ಅರವತ್ತನಾಲ್ಕಕ್ಕೆ ತಂದಳು. ತಂಗಿಯ ಕಿವಿಗಷ್ಟೇ ಕೇಳುವಂತೆ, ತಡ ಮಾಡದ ಒಂದು ಹಗುರವಾದ ಗುಂಯ್‌ಗುಡುವ ಎಫೆಕ್ಟ್ ಹಾಕಿದಳು. ಪರದೆಯ ಮೂಲೆಯ ಅಂಕಿ ತೊಂಬತ್ತರಿಂದ ಐದಕ್ಕಿಳಿಯಿತು.

ತಂಗಿ ಒಂದೇ ಸಲಕ್ಕೆ ಹಾಡಿದಳು, ತಾಳದ ನೆತ್ತಿಯ ಮೇಲೆ ಹೆಜ್ಜೆಯಿಟ್ಟು ನಡೆದಂತೆ. ಧ್ವನಿ ಎಂದಿಗಿಂತ ಚೆಂದವಾಗಿತ್ತು. ಅದನ್ನು ಕೇಳುತ್ತ ಅಕ್ಕನಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಮತ್ತೆ ಹೊಟ್ಟೆ ಉರಿಯಿತು. ಈ ಸಲ ಇನ್ನೂ ಜೋರಾಗಿ, ಏಕೆಂದರೆ ದಾರಿ ಸರಿ ಮಾಡಿಕೊಟ್ಟವಳು ತಾನೇ.

ಎರಡೇ ದಿನದಲ್ಲಿ ಉಳಿದ ಹಾಡುಗಳನ್ನು ಮುಗಿಸಿ ಹೋದ ತಂಗಿ ಎರಡು ತಿಂಗಳು ಫೋನ್ ಮಾಡಲಿಲ್ಲ. ಮುಂದಿನ ಕೆಲಸಕ್ಕೆ ಸಿನಿಮಾ ಟಾಕೀಸಿನ ಪಕ್ಕದ ಹೊಸ ಸ್ಟುಡಿಯೊಗೆ ಹೋದಳೆಂದು ಇಸ್ತ್ರಿಯವನೇ ಸುದ್ದಿ ತಂದ. ಅಕ್ಕನಿಗೆ ಅನ್ನ ಸೇರಲಿಲ್ಲ. ತಂಗಿಯ ಮೇಲಿದ್ದ ಕಿಚ್ಚು ಈಗ ತಾನು ಕಂಡರಿಯದ ಆ ಸ್ಟುಡಿಯೊದ ಮೇಲೆ ತಿರುಗಿತ್ತು.

ಒಂದು ಮಧ್ಯಾಹ್ನ ಫೋನ್ ಬಂತು. ಹಲೋ ಇಲ್ಲ, ಏನಿಲ್ಲ. "ಇಲ್ಲೂ ಲೇಟಾಗಿ ಕೇಳ್ತಿದೆ. ಇವರಿಗೆ ಗೊತ್ತಾಗ್ತಿಲ್ಲ. ಸ್ಪೀಕರಲ್ಲಿ ಹಾಕ್ತೀನಿ, ಹೇಳು."

ಹೇಳದೆ ಫೋನ್ ಇಡಬಹುದಿತ್ತು. ಅಕ್ಕ ಒಂದೊಂದಾಗಿ ಹೇಳಿದಳು: ಮುಖ್ಯ ಟ್ರ್ಯಾಕಿನಲ್ಲಿ ಏನೇನಿದೆ ನೋಡಿ, ಭಾರದ್ದೆಲ್ಲ ಆಫ್ ಮಾಡಿ, ಈಗ ಬಫರ್ ಇಳಿಸಿ. ಆಚೆ ಯಾರೋ "ಸರಿಹೋಯ್ತು ಮೇಡಂ" ಎಂದರು.

"ಇಡ್ತೀನಿ" ಎಂದಳು ತಂಗಿ.

"ತಾಳು. ಅಲ್ಲಿ ಮೈಕ್ ಹೇಗಿದೆ?"

"ಮತ್ತೆ ಶುರುವಾಯ್ತಾ ನಿನ್ನ ಹೊಟ್ಟೆಕಿಚ್ಚು?"

"ನಿಂತಿದ್ದಾದ್ರೂ ಯಾವಾಗ?"

ತಂಗಿ ಕಿಸಕ್ಕನೆ ನಕ್ಕಳು. "ನಿನ್ನ ಮೈಕಿಗಿಂತ ಎಷ್ಟೋ ಚೆನ್ನಾಗಿದೆ" ಎಂದು ಹೇಳಿ ಫೋನ್ ಇಟ್ಟಳು. ಭಾನುವಾರ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದಳು.