ಬಿಡಪ್ಪನ ಒಂದೇ ಮಾತು

ಕ್ರೇನ್ ಡ್ರೈವರಿಗೆ ಕೆಳಗೆ ನಿಂತು ‘ಎತ್ತು’, ‘ಬಿಡು’ ಎಂದು ಹೇಳುವ ಮೇಸ್ತ್ರಿಗೆ ಸೈಟಿನವರು ಇಟ್ಟ ಹೆಸರು ಬಿಡಪ್ಪ. ಹುಟ್ಟಿದಾಗ ಅತ್ತದ್ದೂ ‘ಬಿಡು ಬಿಡು’ ಅಂತಲೇ ಇರಬೇಕು. ಮನೆಯಲ್ಲಿ ನಲ್ಲಿ ಸೋರಿದರೆ ‘ಬಿಡು’, ಮಗಳು ಲೆಕ್ಕದಲ್ಲಿ ಫೇಲಾದರೆ ‘ಬಿಡು’. ಹೊರೆ ಎತ್ತುವ ಬೆಲ್ಟು ನೂಲುನೂಲಾಗಿದೆ ಎಂದು ಡ್ರೈವರು ಅಂಗಲಾಚಿದರೆ, ‘ಬಿಡಪ್ಪಾ, ಏನಾಗಲ್ಲ.’ ಇಂಥವನ ಕೈಗೆ ವಾಕಿಟಾಕಿ ಕೊಟ್ಟವರಿಗೆ ಏನು ಹೇಳೋಣ!

ಒಂದು ಬೆಳಿಗ್ಗೆ ಇಟ್ಟಿಗೆಯ ಹೊರೆ ಮೇಲೆ ತೂಗುತ್ತಿದ್ದಾಗ ಹೆಂಡತಿಯ ಫೋನು ಬಂತು. ‘ರೀ, ನಲ್ಲಿ ಪೂರ್ತಿ ಕಿತ್ತು ಬಂತು!’

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಗುಂಡಿ ಒತ್ತಿಯೇ ಇದ್ದ ವಾಕಿಟಾಕಿ. ‘ಅಯ್ಯೋ, ಬಿಡು ಬಿಡು!’ ಅಂದ.

ಡ್ರೈವರಿಗೆ ಅಷ್ಟೆತ್ತರದಿಂದ ಕೆಳಗೇನಿದೆ ಅಂತ ಕಾಣುತ್ತಿರಲಿಲ್ಲ. ಬಿಟ್ಟೇಬಿಟ್ಟ.

ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಇಂಜಿನಿಯರ ಹೊಸ ಸ್ಕೂಟರು ಮಾತ್ರ ಅಪ್ಪಚ್ಚಿಯಾಯಿತು. ‘ಏನಯ್ಯಾ ಇದು!’ ಎಂದು ಅವರು ಓಡಿಬಂದರೆ ಈ ಮಹಾನುಭಾವ ಸಮಾಧಾನ ಹೇಳಿದ: ‘ಹೋಗ್ಲಿ ಬಿಡಿ ಸಾರ್.’

ಅವತ್ತೇ ಕಟ್ಟಪ್ಪಣೆಯಾಯಿತು. ಇನ್ನು ಮೇಲೆ ‘ಇಳಿಸು’ ಅನ್ನಬೇಕು. ‘ಬಿಡು’ ಅಂತ ಬಾಯಿಬಿಟ್ಟವನು ನೇರ ಮನೆಗೆ.

ಮರುದಿನ ಡ್ರೈವರು ಮತ್ತದೇ ಬೆಲ್ಟು ಹಿಡಿದು ಬಂದ. ‘ಅಣ್ಣಾ, ಇದು ಇವತ್ತೋ ನಾಳೆಯೋ ಹರಿಯುತ್ತೆ.’

ಬಿಡಪ್ಪ ಬಾಯಿ ತೆರೆದ. ಎದುರಿಗೇ ಇಂಜಿನಿಯರು ಬರುತ್ತಿದ್ದರು, ನಡೆದುಕೊಂಡು. ಬಾಯಿ ಮುಚ್ಚಿದ. ಎಷ್ಟು ತಡಕಾಡಿದರೂ ಅದೊಂದು ಮಾತು ಬಿಟ್ಟರೆ ಅವನ ಹತ್ತಿರ ಬೇರೆ ಉತ್ತರವೇ ಇರಲಿಲ್ಲ.

ವಿಧಿಯಿಲ್ಲದೆ ಹೊಸ ಬೆಲ್ಟು ತರಿಸಿದ.