ದಿಬ್ಬಣದ ವ್ಯಾನಿಗೆ ಹಾಡು ಜೋಡಿಸಿದ್ದು

ಹಾಡಿನ ಪ್ಲೇಯರ್ ಸುಟ್ಟುಹೋಗಬಹುದಿತ್ತು. ವ್ಯಾನಿನ ಬ್ಯಾಟರಿಯ ಹನ್ನೆರಡು ವೋಲ್ಟ್ ಹೋಗಬಾರದ ದಾರಿಯಲ್ಲಿ ಹೋಗಿ, ಒಂದೂವರೆ ವೋಲ್ಟಿನ ಸಣ್ಣ ಸೆಲ್ಲಿನಲ್ಲಿ ಬದುಕುವ ಆ ಬಡಪಾಯಿಯನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸಬಹುದಿತ್ತು. ಪ್ಲೇಯರ್ ಉಳಿದು ಸ್ಟೀರಿಯೋ ಸುಡಬಹುದಿತ್ತು. ಎರಡೂ ಉಳಿದು ವೈರಿಂಗಿಗೆ ಬೆಂಕಿ ಹತ್ತಬಹುದಿತ್ತು, ಅದೂ ಶರಾವತಿ ಸೇತುವೆಯ ನಟ್ಟನಡುವೆ, ಒಳಗೆ ರೇಷ್ಮೆ ಸೀರೆಯ ಏಳು ಹೆಂಗಸರಿರುವಾಗ. ನನ್ನ ದಪ್ಪ ಹೆಬ್ಬೆರಳು ತಪ್ಪು ಗುಂಡಿಯ ಮೇಲೆ ಬಿದ್ದು ಹಾಡುಗಳೆಲ್ಲ ಅಳಿಸಿಹೋಗಬಹುದಿತ್ತು. ಮಂಕಿ ಊರಿನ ಹತ್ತಿರ ರಸ್ತೆಯ ಹೊಂಡಗಳಲ್ಲಿ ಬೆಸುಗೆ ಬಿಟ್ಟುಕೊಳ್ಳಬಹುದಿತ್ತು. ಏಪ್ರಿಲ್ ತಿಂಗಳಾದ್ದರಿಂದ ಮಳೆಯನ್ನು ಪಟ್ಟಿಯಿಂದ ಬಿಟ್ಟಿದ್ದೆ. ಮಧ್ಯಾಹ್ನ ಒಂದು ಮೋಡ ಕಂಡಿತು, ಅದನ್ನೂ ಸೇರಿಸಿಕೊಂಡೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ತೀರ ಚಿಕ್ಕದು.

2006ನೆಯ ಇಸವಿ. ಕುಮಟಾದಲ್ಲಿ ಹೆದ್ದಾರಿಯ ಬದಿಗೆ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿ, ಹಿಂದೆಯೇ ಮನೆ. ಡೈನಮೋ, ಸೆಲ್ಫ್ ಮೋಟಾರು, ಹೆಡ್‌ಲೈಟು ಇವು ಹೊಟ್ಟೆಪಾಡು; ಕಾರಿಗೆ ಸ್ಟೀರಿಯೋ ಕೂರಿಸುವುದು ಖುಷಿಯ ಕೆಲಸ. ಖುಷಿಯ ಕೆಲಸ ಎಂದೆನಲ್ಲ, ನನ್ನ ಹೆಂಡತಿ ಲಲಿತಾ ಇದನ್ನು ಓದಿದರೆ ನಗುತ್ತಾಳೆ. ಕೆಲಸ ಮುಗಿಸಿ ಬಂದ ಮೇಲೂ ‘ನೆಗೆಟಿವ್ ವೈರಿಗೆ ಟೇಪು ಸುತ್ತಿದೆನೋ ಇಲ್ಲವೋ’ ಎಂದು ಊಟದ ನಡುವೆ ಎದ್ದು ಹೋಗಿ ನೋಡುವ ಜಾತಿ ನನ್ನದು. ಅಂಗಡಿಯ ಬೀಗವನ್ನು ಮೂರು ಸಲ ಎಳೆದು ನೋಡುತ್ತೇನೆ. ಆಗಲೂ ಹಾಗೆ, ಈಗಲೂ ಹಾಗೆ.

ಆಗ ನಮ್ಮ ಕಡೆಗೆ ಎಂಪಿತ್ರೀ ಪ್ಲೇಯರುಗಳು ಬರತೊಡಗಿದ್ದವು. ಹೆಚ್ಚಿನವು ಭಟ್ಕಳದ ದಾರಿಯಾಗಿ, ಕೊಲ್ಲಿ ದೇಶಗಳಿಂದ ಊರಿಗೆ ಬಂದವರ ಪೆಟ್ಟಿಗೆಯಲ್ಲಿ. ಬೆಂಕಿಪೊಟ್ಟಣದಷ್ಟೇ ಗಾತ್ರ, ಒಳಗೆ ನೂರಾರು ಹಾಡು. ಆದರೆ ನಮ್ಮ ಗಾಡಿಗಳಲ್ಲಿದ್ದದ್ದು ಕ್ಯಾಸೆಟ್ ಸ್ಟೀರಿಯೋ. ಹೊರಗಿನ ಹಾಡನ್ನು ಒಳಗೆ ಬಿಟ್ಟುಕೊಳ್ಳುವ ತೂತು ಅವಕ್ಕಿರಲಿಲ್ಲ. ಹಾಗಾಗಿ ಜೋಡಿಸುವುದೆಂದರೆ ಪ್ರತಿ ಸಲವೂ ಒಂದು ಉಪಾಯ.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಶಿರಾಲಿಯಿಂದ ಒಂದು ಹಳೆಯ ವ್ಯಾನು ಬಂತು. ಓಡಿಸುತ್ತಿದ್ದವನು ಮಂಜುನಾಥ ನಾಯ್ಕ, ಪಂಪ್‌ಸೆಟ್ ರಿಪೇರಿ ಮಾಡುವವ, ಇಪ್ಪತ್ತೇಳೆಂಟರ ಹುಡುಗ. ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸು, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು.

“ಪ್ರಕಾಶಣ್ಣಾ, ಅತ್ತೆ ಕೈಯ ಪ್ಲೇಯರಿನ ಹಾಡು ಈ ಗಾಡೀಲಿ ಬರ್ಬೇಕು. ನಾಳೆ ಮದ್ವೆ.”

“ಯಾರ್ದು?”

“ನಂದೇ.”

“ಮದುಮಗನೇ ಎಂತಕ್ಕೆ ಬಂದ್ಯೋ ಮಾರಾಯ?”

“ಬೇರೆಯವ್ರ ಕೈಲಿ ಕಳ್ಸೂಕೆ ಅತ್ತೆ ಒಪ್ಪಬೇಕಲ್ಲ! ನಾಲ್ಕು ಗಂಟೆಗೆ ಬಿಟ್ಬಿಡಿ. ಸಂಜೆಗೆ ಅರಿಶಿಣ. ಅರಿಶಿಣ ಹಚ್ಚಿದ್ ಮೇಲೆ ನಂಗೆ ಅಂಗಳ ದಾಟೂಕಿಲ್ಲ.”

ಆ ಹೆಂಗಸು ಅವನ ಸೋದರತ್ತೆ, ಮಾದೇವಕ್ಕ. ಅವರ ಕೇರಿಯಿಂದ ಹೊರಟ ದಿಬ್ಬಣಕ್ಕೆಲ್ಲ ಇಪ್ಪತ್ತೈದು ವರ್ಷದಿಂದ ಅವರೇ ಸೊಲ್ಲೆತ್ತುವವರು. ಮನೆ ಬಿಡುವಾಗ ಒಂದು ಹಾಡು, ಹೊಳೆ ದಾಟುವಾಗ ಒಂದು, ಹೆಣ್ಣಿನ ಮನೆಯ ಬಾಗಿಲಲ್ಲಿ ಮತ್ತೊಂದು. ಮಂಜುನಾಥ ಬಾಲವಾಡಿಗೆ ಹೋಗುವಾಗಲೇ ‘ನಿನ್ನ ದಿಬ್ಬಣಕ್ಕೆ ಎಲ್ಲರಿಗಿಂತ ಎರಡು ಹಾಡು ಹೆಚ್ಚು’ ಎಂದು ಹೇಳಿಟ್ಟಿದ್ದರಂತೆ. ಹಿಂದಿನ ಮಳೆಗಾಲದಲ್ಲಿ ಗಂಟಲಲ್ಲಿ ಒಂದು ಗಂಟು ಕಂಡಿತು. ಆಪರೇಷನ್ ಆದರೆ ದನಿ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಸ್ಪತ್ರೆಗೆ ಹೊರಡುವ ಮುನ್ನಾದಿನ, ದುಬೈಯಿಂದ ರಜೆಯಲ್ಲಿ ಬಂದಿದ್ದ ಮಗನ ಪ್ಲೇಯರನ್ನು ಎದುರಿಗಿಟ್ಟುಕೊಂಡು, ಒಬ್ಬರೇ ಅಡುಗೆಕೋಣೆಯ ಬಾಗಿಲು ಹಾಕಿಕೊಂಡು ಹನ್ನೊಂದು ಹಾಡು ಹೇಳಿದರು. ಗಂಟು ಹೋಯಿತು. ದನಿಯೂ ಹೋಯಿತು.

“ಕಂಪ್ಯೂಟರಿಗೆ ಹಾಕ್ಸಿ ಇಟ್ಟಿದ್ರಾ?” ನನ್ನ ಮೊದಲ ಪ್ರಶ್ನೆ ಯಾವಾಗಲೂ ಇಂಥದ್ದೇ.

“ವೈರು ದುಬೈಗೆ ವಾಪಸ್ ಹೋತು. ಇಲ್ಲಿಯ ವೈರು ಯಾವ್ದೂ ಇದ್ಕೆ ಕೂಡುದಿಲ್ಲ.”

ಅಂದರೆ ಆ ದನಿ ಲೋಕದಲ್ಲಿ ಉಳಿದಿದ್ದದ್ದು ಈ ಬೆಂಕಿಪೊಟ್ಟಣದಲ್ಲಿ ಮಾತ್ರ, ಅದು ಬಂದು ಬಿದ್ದದ್ದು ನನ್ನ ಕೈಗೆ. ಮಾದೇವಕ್ಕ ಕರವಸ್ತ್ರದ ಗಂಟು ಬಿಚ್ಚಿ ಪ್ಲೇಯರನ್ನು ಕೊಟ್ಟು ಏನೋ ಹೇಳಿದರು. ಮಾತಲ್ಲ, ಉಸಿರು. ನಾನು ಬಗ್ಗಿದೆ.

“ಅಳಿಸ್ಬೇಡ.”

ಅಷ್ಟು ಹೇಳಿ ನನ್ನ ಕೈಯನ್ನೇ ನೋಡುತ್ತ ಸ್ಟೂಲಿನ ಮೇಲೆ ಕೂತರು. ಮಂಜುನಾಥನಿಗೆ ನನ್ನ ಪೇಚಾಟ ಕಂಡಿರಬೇಕು. “ಬಾ ಅತ್ತೆ, ಪ್ಯಾಟೆಗೆ ಹೋಗಿ ಹೂವು ಬಳೆ ತಕಂಡ್ ಬರೂವ. ನೀನು ಹೀಂಗೆ ನೋಡ್ತಾ ಕೂತ್ರೆ ಇವ್ರಿಗೆ ಕೆಲ್ಸ ಮಾಡೂಕಾಗುದಿಲ್ಲ” ಎಂದು ಎಬ್ಬಿಸಿಕೊಂಡು ಹೋದ.

ಕೆಲಸ ಸುಲಭದ್ದಲ್ಲ. ಸ್ಟೀರಿಯೋದ ಕ್ಯಾಸೆಟ್ ಭಾಗ ಟೇಪನ್ನು ಅಗಿದು ಉಗುಳುತ್ತಿತ್ತು. ಹಾಗಾಗಿ ಕ್ಯಾಸೆಟ್ಟಿನ ಆಕಾರದ ಅಡಾಪ್ಟರ್ ಹಾಕುವಂತಿಲ್ಲ. ಹಾಡನ್ನು ರೇಡಿಯೋ ಅಲೆ ಮಾಡಿ ಕಳಿಸುವ ಟ್ರಾನ್ಸ್‌ಮಿಟರನ್ನು ಮಂಜುನಾಥ ಯಾರಿಂದಲೋ ತಂದು ನೋಡಿದ್ದ. ಬಾಣಲೆಯಲ್ಲಿ ಮೀನು ಬಿಟ್ಟ ಹಾಗೆ ಸರ್ರೆಂದು ಸದ್ದು. ಉಳಿದದ್ದು ಒಂದೇ ದಾರಿ. ಸ್ಟೀರಿಯೋ ಬಿಚ್ಚಿ, ರೇಡಿಯೋದ ಸದ್ದು ವಾಲ್ಯೂಮಿಗೆ ಬರುವ ಗೆರೆಯನ್ನು ಕತ್ತರಿಸಿ, ಅಲ್ಲಿಗೆ ಹೊರಗಿನಿಂದ ಒಂದು ಸಾಕೆಟ್ ಬೆಸೆಯುವುದು. ಆಮೇಲೆ ರೇಡಿಯೋ ಹಾಕಿದರೆ ರೇಡಿಯೋದ ಬದಲು ಪ್ಲೇಯರ್ ಹಾಡಬೇಕು. ನಡುವೆ ಕೆಪ್ಯಾಸಿಟರ್ ಬೇಕು; ಅದು ಹಾಡಿನ ಅಲೆಯನ್ನು ಬಿಟ್ಟು, ಬ್ಯಾಟರಿಯ ನೇರ ವಿದ್ಯುತ್ತನ್ನು ತಡೆಯುವ ಬಾಗಿಲ ಕಾವಲುಗಾರ. ಎಡಕ್ಕೊಂದು ಬಲಕ್ಕೊಂದು ಸಾಕು. ನಾನು ಎರಡೆರಡು ಹಾಕಿದೆ.

ಒಂದು ಗಂಟೆಗೆ ಬೆಸುಗೆ ಮುಗಿಯಿತು. ಮೀಟರಿಟ್ಟು ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಿದೆ: ಸೊನ್ನೆ. ಮೀಟರೇ ಕೆಟ್ಟಿದೆಯೋ ಎಂದು ಬ್ಯಾಟರಿಗೆ ಹಿಡಿದು ನೋಡಿದೆ: ಹನ್ನೆರಡೂವರೆ. ಮತ್ತೆ ಸಾಕೆಟ್ಟು: ಸೊನ್ನೆ. ಹೀಗೆ ಆರೇಳು ಸಲ. ಕೊನೆಗೆ ದೇವರ ಮೇಲೆ ಭಾರ ಹಾಕಿ ಪ್ಲೇಯರಿನ ಪಿನ್ ಚುಚ್ಚಿ ಗುಂಡಿ ಒತ್ತಿದೆ.

“ಹೊಳೆಯ ದಾಟುವ ಮೊದಲು ಹೂವ ಬಿಡಿರೇ ನೀರಿಗೆ...”

ಎಂಥ ದನಿ! ವ್ಯಾನಿನ ತಗಡೆಲ್ಲ ತುಂಬಿಕೊಂಡಿತು. ನನಗೆ ಕಣ್ಣು ಹನಿಯುವುದರಲ್ಲಿತ್ತು. ಅಷ್ಟರಲ್ಲಿ ನಿಂತಿತು.

ಪೂರಾ ನಿಶ್ಶಬ್ದ. ಐದಾರು ಸೆಕೆಂಡಿನ ಮೇಲೆ ತಾನಾಗಿಯೇ ಮತ್ತೆ ಶುರುವಾಯಿತು. ಮುಂದಿನ ಸಾಲು. ಮತ್ತೆ ನಿಂತಿತು.

ಪ್ಲೇಯರಿನ ಪುಟ್ಟ ಪರದೆಯಲ್ಲಿ ಸೆಕೆಂಡಿನ ಅಂಕಿ ಓಡುತ್ತಲೇ ಇತ್ತು. ಅಂಕಿ ಓಡುತ್ತಿದೆ, ಸದ್ದು ಇಲ್ಲ. ಅಂದರೆ ಪ್ಲೇಯರ್ ಸರಿ ಇದೆ, ತಪ್ಪು ನನ್ನ ಬೆಸುಗೆಯಲ್ಲಿ. ಎಷ್ಟು ಸ್ಪಷ್ಟವಾದ ತರ್ಕ! ಸಾಕೆಟ್ ಬಿಚ್ಚಿ ಮತ್ತೆ ಬೆಸೆದೆ. ಅದೇ ಕಥೆ. ಸಾಕೆಟ್ಟನ್ನೇ ಬದಲಾಯಿಸಿದೆ. ಅದೇ. ಅರ್ಥ್ ವೈರನ್ನು ಕೆರೆದು ಬೇರೆ ಬೋಲ್ಟಿಗೆ ಕಟ್ಟಿದೆ. ಅದೇ. ಎರಡು ಗಂಟೆಯಾಯಿತು. ಲಲಿತಾ ಊಟಕ್ಕೆ ಕರೆದಳು, ಹೋಗಲಿಲ್ಲ. ಗಾಡಿಯ ಬೇರೆ ಯಾವುದೋ ಸಾಮಾನು ಆಗಾಗ ಕರೆಂಟ್ ಎಳೆದು ಸ್ಟೀರಿಯೋದ ಉಸಿರು ಕಟ್ಟಿಸುತ್ತಿದೆ ಎಂಬ ಹೊಸ ಸಂಶಯ ಬಂತು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಒಂದೊಂದೇ ಫ್ಯೂಸ್ ಕಿತ್ತು ಪರೀಕ್ಷೆ ಮಾಡಿದೆ. ವೈಪರ್ ತೆಗೆದೆ, ಕೇಳಿದೆ, ಹಾಕಿದೆ. ಇಂಡಿಕೇಟರ್ ತೆಗೆದೆ, ಕೇಳಿದೆ, ಹಾಕಿದೆ. ದನಿ ಮಾತ್ರ ತನ್ನ ಪಾಡಿಗೆ ಒಂದು ಸಾಲು ಹಾಡುವುದು, ಸತ್ತುಹೋಗುವುದು, ಮತ್ತೆ ಹುಟ್ಟುವುದು.

ಪಕ್ಕದ ಮೊಬೈಲ್ ಅಂಗಡಿಯಿಂದ ಒಂದು ಇಯರ್‌ಫೋನ್ ಕೇಳಿ ತಂದು ಪ್ಲೇಯರಿಗೆ ಹಾಕಿ ಕೇಳಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಬಗೆಹರಿಯುತ್ತಿತ್ತು. ಮೊದಲೇ ಒಂದು ಟೇಪ್‌ರೆಕಾರ್ಡರಿಗೆ ಜೋಡಿಸಿ ಹಾಡಿನ ನಕಲು ತೆಗೆದಿಟ್ಟಿದ್ದರೆ ಅರ್ಧ ಭಯವೇ ಇರುತ್ತಿರಲಿಲ್ಲ. ಇವೆರಡೂ ನನಗೆ ಹೊಳೆದದ್ದು ಮದುವೆ ಮುಗಿದ ಮೂರನೆಯ ದಿನ.

ಮೂರೂವರೆಗೆ ಅವರಿಬ್ಬರೂ ಚೀಲ ಹೊತ್ತುಕೊಂಡು ಬಂದರು. ಮಾದೇವಕ್ಕ ನೇರವಾಗಿ ನನ್ನ ಮುಖ ನೋಡಿದರು. ಸುಳ್ಳು ಹೇಳಲಾಗಲಿಲ್ಲ.

“ಹಾಡು ಅಳಿಸಿಲ್ಲ ಮಾದೇವಕ್ಕ. ಆದ್ರೆ ತುಂಡು ತುಂಡು ಬರ್ತದೆ. ನಡುನಡುವೆ ನಿಂತ್ ಹೋಗ್ತದೆ. ಎಂತ ಮಾಡಿದ್ರೂ ನಂಗೆ ಸಿಗ್ಲಿಲ್ಲ.”

ಮಂಜುನಾಥನ ಮುಖ ಇಳಿಯಿತು. “ನಾಳೆ ಹತ್ತು ಗಂಟೆಗೆ ಮುಹೂರ್ತ, ಪ್ರಕಾಶಣ್ಣಾ.”

ಮಾದೇವಕ್ಕ ಹಾಕು ಎಂದು ಕೈ ಮಾಡಿದರು. ಹಾಕಿದೆ. ಹೊಳೆಯ ದಾಟುವ ಮೊದಲು ಹೂವ ಬಿಡಿರೇ ನೀರಿಗೆ. ನಿಂತಿತು. “ನೋಡಿ, ಇದೇ!” ಎಂದೆ. ಅವರು ನನ್ನನ್ನು ನೋಡಲೇ ಇಲ್ಲ. ತೊಡೆಯ ಮೇಲೆ ಕೈಯಿಂದ ತಾಳ ಹಾಕುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಚಹಾ ತಂದ ಲಲಿತಾ ಬಾಗಿಲಲ್ಲೇ ನಿಂತಿದ್ದಳು. ಅವಳು ಧಾರೇಶ್ವರದ ಕಡೆಯವಳು. ಎರಡನೆಯ ಸಾಲು ಮುಗಿದು ಸದ್ದು ನಿಂತದ್ದೇ, ಟ್ರೇ ಹಿಡಿದುಕೊಂಡೇ, ಯಾರೋ ಚಿವುಟಿದ ಹಾಗೆ ಅವಳ ಬಾಯಿಂದ ಅದೇ ಸಾಲು ಹೊರಗೆ ಬಂತು. ಅವಳ ಸಾಲು ಮುಗಿಯಿತು. ಪ್ಲೇಯರಿನೊಳಗಿನ ಮಾದೇವಕ್ಕ ಕೂದಲೆಳೆಯಷ್ಟೂ ತಪ್ಪದೆ ಮುಂದಿನ ಸಾಲು ಎತ್ತಿಕೊಂಡರು.

ನಾನು ಸ್ಕ್ರೂಡ್ರೈವರ್ ಹಿಡಿದು ನಿಂತೇ ಇದ್ದೆ.

ದಿಬ್ಬಣದ ಹಾಡು ಕೇಳದವನೇನಲ್ಲ ನಾನು. ಒಬ್ಬರು ಸೊಲ್ಲೆತ್ತುವುದು, ಉಳಿದವರು ಅದನ್ನೇ ತಿರುಗಿ ಹೇಳುವುದು, ಹುಟ್ಟಿದಾಗಿನಿಂದ ಕೇಳಿದ್ದೇನೆ. ನನ್ನ ಮದುವೆಯಲ್ಲೂ ಕೇಳಿದ್ದೇನೆ. ಮಾದೇವಕ್ಕ ಮುಚ್ಚಿದ ಅಡುಗೆಕೋಣೆಯಲ್ಲಿ ಒಬ್ಬರೇ ಕೂತು ಹಾಡುವಾಗಲೂ ಪ್ರತಿ ಸಾಲಿನ ಕೊನೆಗೆ ಕೇರಿಯ ಹೆಂಗಸರಿಗೆ ಜಾಗ ಬಿಟ್ಟಿದ್ದರು. ಆ ಜಾಗವನ್ನು ನಾನು ಎರಡೂವರೆ ಗಂಟೆ ಕಾಲ ರಿಪೇರಿ ಮಾಡುತ್ತಿದ್ದೆ.

ಮಾದೇವಕ್ಕ ಹತ್ತಿರ ಕರೆದರು. ಆ ಉಸಿರಿನ ದನಿಯಲ್ಲೇ, “ಎಲ್ಲಾ ನಾನೇ ಹೇಳಿಬಿಟ್ರೆ ಅವ್ರೆಂತ ಮಾಡುದು? ಬಾಯಿ ಮುಚ್ಕಂಡ್ ಕೂರುದಾ?” ಎಂದರು. ನಗುತ್ತಿದ್ದರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು.

ಲಲಿತಾ ಬಿಡುವವಳೇ? “ಊಟ ಬಿಟ್ಟು ಹುಡುಕಿದ್ದು ಇದನ್ನಾ? ನನ್ನನ್ನ ಒಂದ್ ಮಾತು ಕೇಳಿದ್ರೆ ಎಂತ ಆಗ್ತಿತ್ತು?”

“ನೀ ವೈರಿಂಗ್ ಕಲ್ತವ್ಳಲ್ಲ ಅಂದ್ಕಂಡೆ” ಎಂದೆ. ಅದಕ್ಕೆ ಉತ್ತರವಾಗಿ ಅವಳು ಹಾಡಿನ ಮತ್ತೊಂದು ಸಾಲು ತಿರುಗಿ ಹೇಳಿದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗಡಿಬಿಡಿಯಲ್ಲಿ ಎಲ್ಲ ಜೋಡಿಸಿ, ಸೆಲ್ ಹೊಸದು ಹಾಕಿ, ಇನ್ನೊಂದು ಸೆಲ್ ಮಂಜುನಾಥನ ಜೇಬಿಗೆ ತುರುಕಿ, ಗಾಡಿ ಬಿಟ್ಟುಕೊಟ್ಟೆ.

ಈ ಕಸುಬಿನಲ್ಲಿ ಕೂದಲು ಬೆಳ್ಳಗಾಗಿದೆ. ಕಲಿತದ್ದು ಹೆಚ್ಚೇನಿಲ್ಲ, ಆ ದಿನ ಕಲಿತದ್ದು ಒಂದಿದೆ. ಸದ್ದು ನಿಂತ ಕಡೆಯಲ್ಲೆಲ್ಲ ವೈರು ಕಡಿದಿದೆ ಎಂದುಕೊಳ್ಳಬಾರದು. ಯಾರಿಗಾಗಿ ನಿಂತಿದೆ ಎಂದು ಮೊದಲು ವಿಚಾರಿಸಬೇಕು. ಇಲ್ಲದ ತಪ್ಪನ್ನು ಹುಡುಕುವವನು ಹುಡುಕುತ್ತ ಹುಡುಕುತ್ತ ಒಂದು ತಪ್ಪನ್ನು ತಾನೇ ಮಾಡಿಟ್ಟಿರುತ್ತಾನೆ ಎಂಬುದು ಅದರ ಬಾಲ. ಆ ಬಾಲ ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ. ಒಗೆಯಲು ತೆಗೆದ ನನ್ನ ಅಂಗಿಯ ಜೇಬಿನಿಂದ ಲಲಿತಾ ನೀಲಿ ಬಣ್ಣದ ಒಂದು ಫ್ಯೂಸನ್ನು ಹೊರಗೆ ತೆಗೆದಳು. ಹದಿನೈದು ಆಂಪಿಯರ್. ಆ ವ್ಯಾನಿನದೇ, ಯಾವ ಸಾಮಾನಿನದೋ ನೆನಪಿಲ್ಲ.

ಮಂಜುನಾಥನ ಮೊಬೈಲಿಗೆ ಫೋನ್ ಮಾಡಿದೆ. ಬಾಸಿಂಗ ಕಟ್ಟಿಸಿಕೊಂಡವನು ಎಲ್ಲಿ ಎತ್ತುತ್ತಾನೆ! ಸ್ಕೂಟರ್ ಹತ್ತಿ ಧಾರೇಶ್ವರಕ್ಕೆ ಓಡಿದೆ. ಹೆಣ್ಣಿನ ಮನೆ ಅಲ್ಲಿಯೇ. ಹೆದ್ದಾರಿಯ ತಿರುವಿನಲ್ಲಿ ಫ್ಯೂಸ್ ಹಿಡಿದುಕೊಂಡು ನಿಂತೆ. ಒಂಬತ್ತೂಕಾಲು. ಒಂಬತ್ತೂವರೆ. ದಕ್ಷಿಣದಿಂದ ಬಂದ ಪ್ರತಿಯೊಂದು ಲಾರಿಯೂ ಎಲ್ಲೋ ಒಂದು ವ್ಯಾನಿಗೆ ಗುದ್ದಿಯೇ ಬಂದಂತೆ ಕಾಣುತ್ತಿತ್ತು.

ಮೊದಲು ಕೇಳಿಸಿತು, ಆಮೇಲೆ ಕಂಡಿತು. ಒಂದು ಸಾಲು ಮಾದೇವಕ್ಕನದು, ಎತ್ತರದಲ್ಲಿ, ಒಂಟಿಯಾಗಿ. ಮರುಕ್ಷಣ ಏಳು ಹೆಂಗಸರು ಕಿಟಕಿಗಳಿಂದ ತಲೆ ಹಾಕಿ ಅದೇ ಸಾಲನ್ನು ರಸ್ತೆಗೆ ಸುರಿದ ಅಬ್ಬರ. ಎದುರಿಂದ ಬಂದ ಬಸ್ಸು ಪಕ್ಕಕ್ಕೆ ಸರಿದು ನಿಂತಿತು. ಸೈಕಲ್ಲಿನವನು ಇಳಿದ. ಒಂದು ದನ ಕೂಡ ದಾರಿ ಬಿಟ್ಟಿತು. ಮುಂದಿನ ಸೀಟಿನಲ್ಲಿ ಮಾದೇವಕ್ಕ ಕೂತಿದ್ದರು. ಕೈ ಕಿಟಕಿಯ ಹೊರಗೆ, ಬಾಗಿಲಿನ ತಗಡಿಗೆ ತಾಳ.

ಚಪ್ಪರದ ಪಕ್ಕದಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ ನನ್ನನ್ನು ಕಂಡು, ವ್ಯಾನು ಓಡಿಸಿದ ಹುಡುಗ, “ಎಂತದು?” ಎಂದ.

“ಹಾರ್ನಿನ ಫ್ಯೂಸು” ಎಂದೆ.

“ಹಾರ್ನ್ ಇರ್ಲಿಲ್ವಾ?” ಎಂದ ಅವ.