ಹಾರ ತಗೊಂಡು ಹೋದ ಮನೆ

ಬಿಸ್ಕತ್ತಿನ ಆರ್ಡರ್ ತಗೊಳ್ಳೋಕೆ ಶಿಕಾರಿಪುರದಿಂದ ಆನವಟ್ಟಿಗೆ ಹೋದರೆ ಬಸಣ್ಣನವರ ಕಿರಾಣಿ ಅಂಗಡಿಗೆ ಬಾಗಿಲು ಹಾಕಿತ್ತು. ಹಬ್ಬದ ದಿನವೂ ವ್ಯಾಪಾರ ನಿಲ್ಲಿಸದ ಮನುಷ್ಯ ಅವರು. ಪಕ್ಕದ ಟೈಲರ್, "ಅವರ ಮನೇಲಿ ಮಣ್ಣು ಐತ್ರೀ" ಅಂದ. ಮಣ್ಣು ಅಂದರೆ ನಮ್ಮ ಕಡೆ ಹೆಣ ಹೂಳೋದು. ಅವರ ವಯಸ್ಸಾದ ತಾಯಿ ಹೋದರೇನೋ ಅಂದುಕೊಂಡು ಒಂದು ಹಾರ ತಗೊಂಡು ಹೋದೆ.

ಬಾಗಿಲು ತೆರೆದದ್ದು ಆ ತಾಯಿಯೇ. ಹಾರವನ್ನು ಬೆನ್ನ ಹಿಂದೆ ಸರಿಸಿದೆ.

"ಬರ್ರಿ, ಎಲ್ರೂ ಹಿತ್ತಲಲ್ಲಿ ಅದಾರೆ" ಅಂದರು.

ಹಿತ್ತಲಲ್ಲಿ ತೋಡಿದ ಗುಂಡಿಯ ಪಕ್ಕ ಅಂಗಡಿಯ ನಾಯಿ ಕರಿಯ ಮಲಗಿದ್ದ, ಹಣೆಗೆ ವಿಭೂತಿ ಹಚ್ಚಿದ್ದರು. ನನ್ನನ್ನು ಗದರದೆ ಒಂದು ದಿನವೂ ಆರ್ಡರ್ ಕೊಡದ ಬಸಣ್ಣ, ಅಕ್ಕಪಕ್ಕದವರೆಲ್ಲರ ಎದುರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಯಾರೂ ನಗಲಿಲ್ಲ. ಅಳೋಕೆ ಒಂಚೂರೂ ನಾಚಿಕೊಳ್ಳದ ಗಂಡಸನ್ನು ನಾನು ನೋಡಿದ್ದು ಅವತ್ತೇ ಮೊದಲು.

ಅವರ ಕಣ್ಣು ನನ್ನ ಕೈಮೇಲೆ ಬಿತ್ತು. "ಹಾರ ತಂದೀರಲ್ಲ, ಹಾಕ್ರಿ. ನಿಮ್ಮ ಬಿಸ್ಕತ್ತು ಬಿಟ್ಟು ಬ್ಯಾರೇದು ಮುಟ್ತಿರಲಿಲ್ಲ ಅವನು."

ಹಾಕಿದೆ. ಎಲ್ಲರ ಹಾಗೆ ಹಿಡಿ ಮಣ್ಣನ್ನೂ ಹಾಕಿದೆ.

ಸಂಜೆ ನಮ್ಮ ಮ್ಯಾನೇಜರ್ ಫೋನ್ ಮಾಡಿ, ಬಸಣ್ಣನವರ ಆರ್ಡರ್ ಯಾಕಿಲ್ಲ ಅಂತ ಕೇಳಿದರು.

"ಮಣ್ಣಿಗೆ ಹೋಗಿದ್ದೆ ಸರ್."

"ಅಯ್ಯೋ, ಯಾರು ತೀರಿಕೊಂಡಿದ್ದು?"

"ನಮ್ಮ ಹಳೇ ಗಿರಾಕಿ ಸರ್" ಅಂದೆ.